ತಲೆ ಬಾಚಿಕೊಂಡು ಬಂದ ಕಾಯಿಲೆ

ಆ ಹುಡುಗಿಯ ತಲೆ ಬಾಚಿಲ್ಲ, ಹಿಂದುಗಡೆ ಕೂದಲು ಗಂಟುಗಂಟಾಗಿ ಗುಬ್ಬಿಗೂಡಿನ ಹಾಗೆ ನಿಂತಿದೆ, ರಾತ್ರಿ ಮಲಗಿದ್ದ ಬಟ್ಟೆಯಲ್ಲೇ ಎದ್ದು ಬಂದಿದ್ದಾಳೆ, ಕಾಲಿಗೆ ಮನೆಯೊಳಗೆ ಹಾಕುವ ಮೆತ್ತನೆ ಚಪ್ಪಲಿ, ಅದರಲ್ಲಿ ಒಂದು ಕಳಚಿ ಬಿದ್ದಿದೆ, ಎತ್ತಿಕೊಡುವವರಿಲ್ಲ — ಅವಳ ತಾಯಿ ಫೋನು ನೋಡುತ್ತಾ ಆರಾಮಾಗಿ ಕೂತಿದ್ದಾಳೆ, ನಾಚಿಕೆ ಅನ್ನುವುದು ಒಂಚೂರಾದರೂ ಬೇಡವಾ, ಆಸ್ಪತ್ರೆಗೆ ಹೀಗಾ ಮಗುವನ್ನು ಕರೆದುಕೊಂಡು ಬರುವುದು, ನೋಡಿದವರು ಏನಂದಾರು — ಏನಂದಾರು, ಏನೂ ಅನ್ನಲಿಲ್ಲ, ಮೇಜಿನ ಹಿಂದೆ ಕೂತಿದ್ದ ನರ್ಸು ತಾನಾಗಿ ಎದ್ದು ಬಂದಳು, ಆ ಹುಡುಗಿಯ ಕೆನ್ನೆ ಸವರಿದಳು, ಅಯ್ಯೋ ಎಷ್ಟು ಬಿಳಿಚಿಕೊಂಡಿದೀಯ ಕಂದ, ಒಳಗೆ ಮಂಚ ಇದೆ, ಮಲಗ್ತೀಯಾ, ಅಂದಳು. ಕಂದ ಅಂತೆ ಕಂದ. ನನ್ನ ಮಗಳು, ನನ್ನ ಪಟಾಕಿ, ನನ್ನ ಪಕ್ಕದಲ್ಲಿ ಕೂತಿದ್ದಾಳೆ, ಬೆನ್ನು ನೆಟ್ಟಗೆ, ಎರಡು ಜಡೆ, ನಡುವೆ ಬೈತಲೆ ಸ್ಕೇಲಿಟ್ಟು ಎಳೆದ ಹಾಗೆ, ನೀಲಿ ಫ್ರಾಕಿನ ನೆರಿಗೆ ಒಂದೊಂದನ್ನೂ ನಾನೇ ಕೂರಿಸಿದ್ದು, ನರ್ಸು ಅವಳನ್ನೂ ನೋಡಿದಳು, ನಕ್ಕಳು, ಎಷ್ಟು ಚೆಂದ ರೆಡಿಯಾಗಿ ಬಂದಿದೀಯಲ್ಲಾ, ಅಂದಳು, ಹೋಗಿ ತನ್ನ ಜಾಗದಲ್ಲಿ ಕೂತಳು. ಬೈದಿದ್ದರೂ ಹೊಟ್ಟೆ ಇಷ್ಟು ಉರಿಯುತ್ತಿರಲಿಲ್ಲ. ಅಮ್ಮಾ, ಅವಳ ಚಪ್ಪಲಿ ಬಿದ್ದಿದೆ, ಎತ್ತಿಕೊಡ್ಲಾ, ಅನ್ನುತ್ತಾಳೆ ಇವಳು, ಕೂತ್ಕೋ ಸುಮ್ನೆ, ಬಗ್ಗಿದ್ರೆ ಮೇಲಕ್ಕೆ ಏಳೋರು ಯಾರು, ಅಂದುಬಿಟ್ಟೆ, ಮಾತು ಸ್ವಲ್ಪ ಗಟ್ಟಿಯಾಗೇ ಬಂತು, ಎದುರಿನ ತಾಯಿ ತಲೆಯೆತ್ತಿ ನೋಡಿದಳು, ನಾನು ಹಲ್ಲು ಕಿರಿದೆ. ಯಾರು ನೋಡಿದರೂ ನಗುವ ರೋಗ ನನಗೆ, ಈ ಬಿಳಿಯರ ಊರಿಗೆ ಬಂದಾಗಿನಿಂದ ಅಂಟಿಕೊಂಡದ್ದು.

ಹೋದ ಸಲವೂ ಇದೇ ಕುರ್ಚಿ, ಇದೇ ಫ್ರಾಕು. ಹೋದ ಸಲ ಡಾಕ್ಟರಿಗೆ ತೋರಿಸುವ ದಿನ ಗೊತ್ತಾದದ್ದೇ ತಡ ಅವಳನ್ನು ಹಾಸಿಗೆಯಿಂದ ಇಳಿಯಲು ಬಿಡಲಿಲ್ಲ ನಾನು, ಸ್ಕೂಲು ಬೇಡ, ಮೆಟ್ಟಿಲು ಬೇಡ, ಟೀವಿ ಬೇಡ, ಸ್ನಾನ ಕೂಡ ಸ್ಟೂಲಿನ ಮೇಲೆ ಕೂರಿಸಿ — ಯಾಕೆ, ಡಾಕ್ಟರಮ್ಮನ ಮುಂದೆ ಕುಸಿದು ಕೂತರೆ ಹೇಗೆ, ಕೇಳಿದ್ದಕ್ಕೆ ಚುರುಕಾಗಿ ಉತ್ತರ ಹೇಳಬೇಕಲ್ಲ, ದೊಡ್ಡವರ ಟೈಮು ಹಾಳು ಮಾಡಬಾರದಲ್ಲ. ಕೂಡಿಟ್ಟ ಶಕ್ತಿಯನ್ನೆಲ್ಲ ನನ್ನ ಮಗಳು ಆ ಒಂದು ಕಾಲುಗಂಟೆಗೆ ಸುರಿದುಬಿಟ್ಟಳು. ಡಾಕ್ಟರಮ್ಮನಿಗೆ ಕಂಡದ್ದೇನು, ಸೋಪಿನ ವಾಸನೆಯ, ನಗುವ, ಥ್ಯಾಂಕ್ಯೂ ಡಾಕ್ಟರ್ ಅನ್ನುವ ಹುಡುಗಿ. ಗುಂಡುಕಲ್ಲಿನ ಹಾಗಿದಾಳಲ್ಲಮ್ಮ, ಬಣ್ಣ ಕೂಡ ಚೆನ್ನಾಗಿದೆ, ಏನೂ ಬಿಳಿಚಿಕೊಂಡಿಲ್ಲ, ಅಂದಳು. ಸರಿ ಹೋಯಿತು, ನಮ್ಮಂಥವರು ಬಿಳಿಚಿಕೊಳ್ಳುವುದು ಹೇಗೆ ತಾಯಿ, ಏಳು ಜನ್ಮ ಕಾಯಿಲೆ ಬಿದ್ದರೂ ನಮ್ಮ ಕೆನ್ನೆ ನಿಮ್ಮ ಗೋಡೆಯ ಬಣ್ಣಕ್ಕೆ ಬರುತ್ತದಾ, ನಮ್ಮ ಮಕ್ಕಳು ಸೊರಗಿದರೆ ತುಟಿಯ ಸುತ್ತ ಬೂದಿ ಬಡಿದ ಹಾಗಾಗುತ್ತದೆ, ಕಣ್ಣಿನ ಕೆಳಗಿನ ರೆಪ್ಪೆ ಎಳೆದು ನೋಡಬೇಕು, ಅಂಗೈ ತಿರುಗಿಸಿ ನೋಡಬೇಕು — ಇದನ್ನೆಲ್ಲ ಹೇಳಿದೆನಾ, ಎಲ್ಲಿ ಹೇಳಿದೆ, ತಲೆ ಆಡಿಸಿದೆ, ಹೌದು ಡಾಕ್ಟ್ರೇ ಅಂದೆ, ಆಮೇಲೆ ಬಸ್ಸಿನಲ್ಲಿ ಇವಳು ನನ್ನ ಮೇಲೆ ಒದ್ದೆ ಟವೆಲಿನ ಹಾಗೆ ಬಿದ್ದುಕೊಂಡಳು, ಇಳಿಯುವ ಜಾಗ ಬಂದಾಗ ಏಳಲಿಲ್ಲ, ಹನ್ನೊಂದು ವರ್ಷದ ಹುಡುಗಿಯನ್ನು ಸೊಂಟದ ಮೇಲೆ ಕೂರಿಸಿಕೊಂಡು ಇಳಿದೆ, ಹಿಂದಿನಿಂದ ಯಾರೋ ಇಷ್ಟು ದೊಡ್ಡವಳನ್ನ ಎತ್ಕೊಂಡು ಮುದ್ದು ಮಾಡ್ತಾರೆ ನೋಡು ಇವರು, ಅಂದರು. ಇವರು. ಆ ವಾರವೆಲ್ಲ ಅವಳು ಏಳಲಿಲ್ಲ, ಆದರೆ ಅದನ್ನು ನೋಡಲು ಡಾಕ್ಟರಮ್ಮ ನಮ್ಮ ಮನೆಯಲ್ಲಿರಲಿಲ್ಲವಲ್ಲ. ಹಾಗಾದರೆ ತಪ್ಪು ಯಾರದು, ನೋಡದವಳದಾ, ನೋಡಲು ಬಿಡದವಳದಾ, ಇಲ್ಲಾ ಈ ಹಾಳು ಇಸ್ತ್ರಿಯದಾ, ನನಗೆ ತಲೆಬುಡ ತಿಳಿಯುವುದಿಲ್ಲ.

ಲಾಂಡ್ರಿಯಲ್ಲಿ ದಿನಾ ಹೋಟೆಲಿನ ಚಾದರ ಇಸ್ತ್ರಿ ಮಾಡುವವಳು ನಾನು, ಹಬೆ ಮುಖಕ್ಕೆ ಹೊಡೆಯುತ್ತಿರುತ್ತದೆ, ಎಲ್ಲೇ ಸುಕ್ಕು ಕಂಡರೂ ಕೈ ತಾನಾಗಿ ಹೋಗುತ್ತದೆ, ಬಸ್ಸಿನಲ್ಲಿ ಮುಂದೆ ಕೂತವರ ಕಾಲರು ಸರಿಮಾಡಲು ಹೋಗಿ ಒಂದು ಸಲ ಬೈಸಿಕೊಂಡಿದ್ದೇನೆ. ಇವಳನ್ನು ಸ್ಕೂಲಿಗೆ ಸೇರಿಸಿದ ಹೊಸದರಲ್ಲಿ ಮೇಡಮ್ಮು ಮೂಗಿನ ಮೇಲೆ ಬೆರಳಿಟ್ಟುಕೊಂಡು ಮಗೂನ ಸ್ನಾನ ಮಾಡ್ಸಿ ಕಳ್ಸಿ ಅಂದಿದ್ದಳು, ಸ್ನಾನ ಮಾಡಿಸಿಯೇ ಕಳಿಸಿದ್ದೆ ಅವತ್ತು, ತಲೆಗೆ ಎಣ್ಣೆ ಹಚ್ಚಿದ್ದೆ ಅಷ್ಟೇ — ಅವತ್ತಿನಿಂದ ಎಣ್ಣೆ ನಿಂತಿತು, ಸಾಕ್ಸಿಗೂ ಇಸ್ತ್ರಿ ಶುರುವಾಯಿತು. ಅವರ ಮಕ್ಕಳು ಸುಕ್ಕುಬಟ್ಟೆಯಲ್ಲಿ ಬಂದರೆ ಪಾಪ ಸುಸ್ತಾಗಿದೆ, ನಮ್ಮ ಮಕ್ಕಳು ಬಂದರೆ ಗಲೀಜು. ಎದುರಿನ ಹುಡುಗಿ ನಿಜವಾಗಿಯೂ ಸುಸ್ತಾಗಿದ್ದಾಳೆ, ಸುಳ್ಳು ಹೇಳಬಾರದು, ಕಣ್ಣು ಗುಳಿಬಿದ್ದಿದೆ, ಅವಳ ಮೇಲೆ ನನಗೇನು ಕೋಪ, ಅವಳೂ ಒಬ್ಬರ ಮಗಳೇ, ಅವಳಿಗೂ ಇದೇ ಬಂದಿದೆಯೋ ಏನೋ, ಅವಳ ತಾಯಿ ನರ್ಸಿನ ಹತ್ತಿರ ದೊಡ್ಡ ಕ್ಲಿನಿಕ್ಕಿಗೆ ಬರೆದುಕೊಟ್ಟಿದಾರೆ, ಅಲ್ಲಿ ಎಲ್ಲಾ ಇದೆಯಂತೆ, ಕಾಲಿಗೆ ಬೇರೆ, ಎದೆಗೆ ಬೇರೆ, ನೆನಪಿಗೆ ಬೇರೆ ಡಾಕ್ಟರು, ಸ್ಕೂಲಿಗೂ ಅವರೇ ಹೇಳ್ತಾರಂತೆ, ಅನ್ನುತ್ತಿದ್ದಾಳೆ. ದೊಡ್ಡ ಕ್ಲಿನಿಕ್ಕು. ನನಗೆ ಬೇಕಾದದ್ದೂ ಅದೇ, ಆ ಒಂದು ಚೀಟಿ, ಆ ಬಾಗಿಲು, ಅದಕ್ಕೇ ತಾನೇ ಇವತ್ತು ಲಾಂಡ್ರಿ ಮಾಲೀಕನ ಕೈಕಾಲು ಹಿಡಿದು ರಜೆ ಹಾಕಿ ಬಂದದ್ದು.

ಕೋವಿಡ್ ಜ್ವರ ಮನೆಯವರಿಗೆಲ್ಲ ಬಂತು, ಇವಳಪ್ಪ ವ್ಯಾನು ಓಡಿಸಿ ಸಾಮಾನು ಹಂಚುವವರು, ಯಾರ ಬಾಗಿಲಿಂದಲೋ ಹೊತ್ತು ತಂದರು, ಕೆಮ್ಮಿ ಕೆಮ್ಮಿ ಗೋಡೆ ಬೀಳುತ್ತದೆ ಅನ್ನಿಸಿತು, ನನಗೆ ನಾಲಿಗೆ ಸತ್ತುಹೋಯಿತು, ಎಲ್ಲರಿಗಿಂತ ಹಗುರವಾಗಿ ಬಂದದ್ದು ಇವಳಿಗೇ, ಎರಡೇ ದಿನಕ್ಕೆ ಎದ್ದು ಮಂಚದ ಮೇಲೆ ಕುಣಿದಳು, ಅಪ್ಪನಿಗೆ ಮುದುಕಪ್ಪ ಅಂತ ರೇಗಿಸಿದಳು, ಮಾತು ಮಾತು ಮಾತು, ಪಟಾಕಿ ಅಂತ ಅವರು ಹೆಸರಿಟ್ಟದ್ದೇ ಅದಕ್ಕೆ, ಒಂದು ಸಲ ಹಚ್ಚಿದರೆ ಸಾಲಾಗಿ ಸಿಡಿಯುತ್ತಿದ್ದಳು. ಎಲ್ಲರೂ ಆ ಜ್ವರವನ್ನು ಮರೆತ ಮೇಲೆ ಒಂದು ಸಂಜೆ ಸ್ಕೂಲಿಂದ ಬಂದವಳು ಮೆಟ್ಟಿಲ ನಡುವೆ ಕೂತುಬಿಟ್ಟಳು, ಅಮ್ಮಾ, ಮೆಟ್ಟಿಲು ಜಾಸ್ತಿ ಆಗಿದಾವಾ, ಅಂದಳು. ನಾನು ನಕ್ಕೆ. ಆಗ ನಕ್ಕೆ. ಆಮೇಲೆ ಎದೆ ಡಬಡಬ ಅನ್ನುತ್ತೆ ಅಂದಳು, ಓಡಿ ಬಂದಿರ್ತೀಯ ಅಂದೆ, ಪುಸ್ತಕದ ಅಕ್ಷರ ಜಾರ್ತಿದೆ ಅಂದಳು, ಓದೋಕೆ ಕಳ್ಳಾಟ ಅಂದೆ, ಒಂದು ದಿನ ಚಮಚ ಕೈಯಲ್ಲಿ ಹಿಡಿದುಕೊಂಡು ಇದಕ್ಕೆ ಏನಂತಾರಮ್ಮ, ಅಂತ ಕೇಳಿದಳು. ಸುಸ್ತು ಅಮ್ಮ, ಅನ್ನುತ್ತಾಳೆ. ನಮ್ಮ ಮನೆಯಲ್ಲಿ ಸುಸ್ತಿಲ್ಲದವರು ಯಾರಿದ್ದಾರೆ, ಸಂಜೆ ಬಾಗಿಲು ತೆಗೆದ ಕೂಡಲೇ ಅವರು ಸುಸ್ತು ಅನ್ನುತ್ತಾರೆ, ನಾನು ಸುಸ್ತು ಅನ್ನುತ್ತೇನೆ, ಅದು ನಮಗೆ ಏನು ಸಮಾಚಾರ ಅಂದ ಹಾಗೆ, ಅದರ ನಡುವೆ ಇವಳ ಸುಸ್ತು ಬೇರೆ ಅಂತ ಯಾರ ಕಿವಿಗೆ ಬೀಳಬೇಕು. ಭಾವ ಒಬ್ಬರು, ಇವಳಪ್ಪನ ಅಣ್ಣ, ಎಲ್ಲಾ ಬಲ್ಲವರು, ಲಾಂಗ್ ಕೋವಿಡ್ಡಾ, ಜ್ವರ ಬಿಟ್ಟ ಮೇಲೂ ಬಿಡದ ಕಾಯಿಲೆಯಾ, ಅದೆಲ್ಲ ಅವರ ಮಕ್ಕಳಿಗೆ ಕಣಮ್ಮ, ಬೆಣ್ಣೆಯಲ್ಲಿ ಬೆಳೆದವು, ನಮ್ಮ ರಕ್ತ ಗಟ್ಟಿ, ಇವಳಿಗೆ ಎರಡು ಬಿಗಿದ್ರೆ ಓಡಾಡ್ತಾಳೆ, ಅಂದರು, ಮೈಯೆಲ್ಲ ಉರಿದುಹೋಯಿತು, ಆದರೂ ಆ ರಾತ್ರಿ ಒಂದು ಕ್ಷಣ, ಒಂದೇ ಒಂದು ಕ್ಷಣ, ನಿಜ ಇರಬಹುದಾ ಅಂದುಕೊಂಡೆನಲ್ಲ. ಸ್ಕೂಲಿನ ಮೇಡಮ್ಮು ನಿಮ್ಮ ಕಡೆ ಹೆಣ್ಣುಮಕ್ಕಳಿಗೆ ಮನೆಕೆಲಸ ಜಾಸ್ತಿ ಅಲ್ವಾ, ಅದಕ್ಕೇ ನಿದ್ದೆಗೆಟ್ಟ ಹಾಗಿರ್ತಾಳೆ, ಅಂದಳು. ಲಾಂಡ್ರಿಯಲ್ಲಿ ನನ್ನ ಪಕ್ಕ ಬಟ್ಟೆ ಮಡಚುವವಳು ಬೇರೆ ದೇಶದವಳು, ನಮಗಿಂತ ಕಪ್ಪು, ಅವಳ ಮಗಳಿಗೂ ಹೀಗೇ ಆಗಿ ಮೊದಲು ಉಬ್ಬಸ ಅಂದರಂತೆ, ಆಮೇಲೆ ಮನಸ್ಸಿನದು ಅಂದರಂತೆ, ಆಮೇಲೆ ಮಗಳದಲ್ಲ ತಾಯಿಯ ಮನಸ್ಸಿನದು ಅಂದರಂತೆ, ನೀನು ಅಳ್ಬೇಡ, ಅತ್ತರೆ ಹುಚ್ಚಿ ಅಂತಾರೆ, ಅಳದೇ ಇದ್ರೆ ಏನೂ ಆಗಿಲ್ಲ ಅಂತಾರೆ, ಅಂದಳು, ಹಾಗಾದರೆ ಏನು ಮಾಡ್ಲೇ, ಅಂದೆ, ಅದು ಗೊತ್ತಿದ್ರೆ ನಾನ್ಯಾಕೆ ಚಾದರ ಮಡಚ್ತಿದ್ದೆ, ಅಂದಳು, ಇಬ್ಬರೂ ಹಬೆಯಲ್ಲಿ ನಿಂತು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕೆವು. ಟೀವಿಯಲ್ಲಿ ಒಬ್ಬ ನಮ್ಮಂಥವರ ಮಕ್ಕಳಿಗೆ ಇದು ಜಾಸ್ತಿ ಅಂದ, ಇನ್ನೊಬ್ಬ ಕಮ್ಮಿ ಅಂದ, ಮೂರನೆಯವಳು ಅವರು ನಮ್ಮ ಲೆಕ್ಕಕ್ಕೇ ಸಿಕ್ಕಿಲ್ಲ ಅಂದಳು, ಅಲ್ಲಿಗೆ ಜಾಹೀರಾತು ಬಂತು. ಕಾಯಿಲೆಗೂ ಬಣ್ಣ ಗೊತ್ತಾಗುತ್ತದಾ, ಇಲ್ಲಾ ಕಾಯಿಲೆಗೆ ಹೆಸರಿಡುವವರಿಗೆ ಮಾತ್ರ ಗೊತ್ತಾಗುತ್ತದಾ, ಯಾರನ್ನು ಕೇಳಲಿ.

ಇವತ್ತು ಬೆಳಿಗ್ಗೆ ನಾನೊಂದು ಉಪಾಯ ಮಾಡಿದ್ದೆ, ಹಾಗೇ ಕರೆದುಕೊಂಡು ಹೋಗುವುದು, ಬಾಚುವುದು ಬೇಡ, ತೊಳೆಯುವುದು ಬೇಡ, ಹಾಸಿಗೆಯಿಂದ ಎದ್ದ ಹಾಗೇ, ನೋಡಲಿ, ಕಣ್ಣಾರೆ ನೋಡಲಿ. ಪಟಾಕಿ ಕನ್ನಡಿಯ ಮುಂದೆ ಕೂತು ಬಾಚಣಿಗೆ ಎತ್ತಿದಳು, ಬೇಡ ಬಿಡೆ ಇವತ್ತು, ಹೀಗೇ ಹೋಗೋಣ, ಅಂದೆ, ನನ್ನನ್ನು ನೋಡಿದ ನೋಟ, ಅಬ್ಬಾ, ನಾನು ಬೀದಿಯಲ್ಲಿ ಅವಳ ಬಟ್ಟೆ ಬಿಚ್ಚಲು ಹೇಳಿದೆನೇನೋ ಅನ್ನುವ ಹಾಗೆ. ನೀನೇ ಹೇಳಿದ್ದು, ಅವರ ಮುಂದೆ ಗಲೀಜಾಗಿ ಹೋಗಬಾರದು ಅಂತ, ನೀನೇ ಹೇಳಿದ್ದು, ಅಂದಳು. ಎಡಗೈಯಿಂದ ಬಲಗೈಯನ್ನು ಎತ್ತಿ ಹಿಡಿದುಕೊಂಡು ಬಾಚಿದಳು, ಅರ್ಧ ತಲೆಗೆ ಕೈ ಸೋತಿತು, ಉಳಿದರ್ಧ ನಾನೇ ಬಾಚಿದೆ, ಬಾಚದೆ ಏನು ಮಾಡಲಿ, ಹೆತ್ತವಳು, ಅವಳ ಮಾನಕ್ಕಿಂತ ಡಾಕ್ಟರು ಹೆಚ್ಚಾ, ಡಾಕ್ಟರಿಗಿಂತ ಮಾನ ಹೆಚ್ಚಾ, ಬೈತಲೆ ತೆಗೆಯುತ್ತಾ ಇದೇ ಯೋಚನೆ, ಬೈತಲೆ ನೆಟ್ಟಗೆ ಬಂತು, ಯೋಚನೆ ಬರಲಿಲ್ಲ. ಬಸ್ಸಿನಲ್ಲಿ ಇನ್ನೊಂದು, ಅಮ್ಮಾ, ಸ್ಕೂಲಲ್ಲಿ ಬಿದ್ದಿದ್ದು ಹೇಳ್ಬೇಡ. ಅದು ನಮ್ಮಿಬ್ಬರಿಗೇ ಗೊತ್ತು, ಸ್ಕೂಲಿನ ಟಾಯ್ಲೆಟ್ಟಿನಲ್ಲಿ ಕಣ್ಣು ಕತ್ತಲಾಗಿ ಬಿದ್ದು, ತಾನೇ ಎದ್ದು, ಮುಖ ತೊಳೆದು, ಕ್ಲಾಸಿಗೆ ಹೋಗಿ ಕೂತಿದ್ದಾಳೆ, ಸಂಜೆ ಕಿವಿಯ ಹಿಂದೆ ಊದಿದ್ದ ಬೋರೆ ನನ್ನ ಕೈಗೆ ಸಿಕ್ಕಿದಾಗ ಹೇಳಿದ್ದು. ಹೇಳದಿದ್ರೆ ಅವರಿಗೆ ಗೊತ್ತಾಗೋದು ಹೇಗೆ, ಅಂದೆ. ಹೇಳಿದ್ರೆ ಸ್ಕೂಲಿಗೆ ಫೋನ್ ಮಾಡ್ತಾರೆ, ಕ್ಲಾಸಲ್ಲಿ ನಮ್ಮ ಬಣ್ಣದವಳು ನಾನೊಬ್ಬಳೇ ಅಮ್ಮ, ಬೀಳೋವಳೂ ನಾನೇ ಆಗ್ಬೇಕಾ, ಅಂದಳು. ಇಂಥ ಮಾತನ್ನು ಯಾವಾಗ ಕಲಿತಳೋ. ಆಯ್ತು ಕಣೇ, ಒಂದು ಮಾತೂ ಆಡಲ್ಲ, ಅಂದೆ.

ಕರೆದರು. ಎದುರಿನ ಹುಡುಗಿಯನ್ನು ನರ್ಸು ತೋಳು ಹಿಡಿದು ಇನ್ನೊಂದು ಕೋಣೆಗೆ ನಡೆಸಿಕೊಂಡು ಹೋದಳು, ನಮಗೆ ಬಾಗಿಲು ತೋರಿಸಿದಳು, ನಾವು ನಡೆದೇ ಹೋದೆವು. ಡಾಕ್ಟರಮ್ಮ ಕೆಟ್ಟವಳಲ್ಲ, ಅದೇ ಕಷ್ಟ, ಕೆಟ್ಟವಳಾಗಿದ್ದರೆ ಬೈದುಕೊಂಡಾದರೂ ಹಗುರಾಗಬಹುದಿತ್ತು, ನನ್ನ ತಂಗಿಯ ವಯಸ್ಸು, ಕಣ್ಣ ಕೆಳಗೆ ಕಪ್ಪು, ಅವಳಿಗೂ ಸುಸ್ತೇ, ಹೇಗಿದೀಯ ಪುಟ್ಟ, ಅಂದಳು, ಚೆನ್ನಾಗಿದೀನಿ ಡಾಕ್ಟರ್, ನೀವು ಹೇಗಿದೀರಾ, ಅಂದಳು ಇವಳು, ನಾನು ಕಲಿಸಿದ್ದು, ನಾನೇ ಕಲಿಸಿದ್ದು, ಡಾಕ್ಟರಮ್ಮ ಕರಗಿಹೋದಳು. ನನ್ನ ಕಡೆ ತಿರುಗಿ ಕಿವುಡರಿಗೆ ಹೇಳುವ ಹಾಗೆ ಬಿಡಿಸಿ ಬಿಡಿಸಿ ಹೇಳಿದಳು, ನೋಡೀಮ್ಮ, ರಕ್ತ ಸರಿ ಇದೆ, ಎದೆಯ ಫೋಟೋ ಸರಿ ಇದೆ, ನಿಮ್ಮವರ ಮಕ್ಕಳಲ್ಲಿ ಇದನ್ನ ನಾವು ಅಷ್ಟಾಗಿ ನೋಡಿಲ್ಲ, ಇವತ್ತು ಒಂದು ಟೆಸ್ಟ್ ಮಾಡ್ತೀನಿ, ಸ್ವಲ್ಪ ಹೊತ್ತು ಮಲಗಬೇಕು, ಆಮೇಲೆ ಏನೂ ಹಿಡಿದುಕೊಳ್ಳದೆ ನಿಲ್ಲಬೇಕು, ಎದೆಬಡಿತ ಏರಿದ್ರೆ ದೊಡ್ಡ ಕ್ಲಿನಿಕ್ಕಿಗೆ ಕಳಿಸ್ತೀನಿ, ಏರದಿದ್ರೆ ಇದನ್ನ ಇಲ್ಲಿಗೇ ಮುಗಿಸೋಣ, ಮಗು ಸ್ಕೂಲಿಗೆ ಹೋಗ್ಲಿ, ನೀವೂ ಗಾಬರಿ ಬಿಡಿ. ಇಲ್ಲಿಗೇ ಮುಗಿಸೋಣ, ಎಷ್ಟು ಮೆತ್ತಗೆ ಅಂದಳು. ಪಟಾಕಿ ಮಲಗಿದಳು, ತೋಳಿಗೆ ಪಟ್ಟಿ ಸುತ್ತಿದರು, ಬೆರಳಿಗೆ ಕ್ಲಿಪ್ಪು ಹಾಕಿದರು, ನನ್ನನ್ನು ಮಂಚದ ಆಚೆ, ಗೋಡೆಯ ಹತ್ತಿರದ ಸ್ಟೂಲಿನ ಮೇಲೆ ಕೂರಿಸಿದರು. ಏಳು ಪುಟ್ಟ, ಅಂದಳು ಡಾಕ್ಟರಮ್ಮ. ಎದ್ದಳು. ಮಂಚಕ್ಕೆ ಬೆನ್ನು ಮಾಡಿ, ಡಾಕ್ಟರಮ್ಮನ ಕಡೆ ಮುಖ ಮಾಡಿ ನಿಂತಳು, ಪ್ರಾರ್ಥನೆಗೆ ನಿಂತ ಹಾಗೆ, ಹಿಂದಿನಿಂದ ನನಗೆ ಮುಖ ಕಾಣುವುದಿಲ್ಲ, ನಗುತ್ತಿದ್ದಾಳೆ ಅಂತ ಕೆನ್ನೆಯ ಅಂಚಿನಿಂದಲೇ ಗೊತ್ತಾಗುತ್ತದೆ. ಒಂದು ಕೈ ಮುಂದೆ, ಅದಕ್ಕೆ ಕ್ಲಿಪ್ಪು. ಇನ್ನೊಂದು ಕೈ ಮೆಲ್ಲಗೆ ಬೆನ್ನ ಹಿಂದೆ ಬಂತು, ಫ್ರಾಕಿನ ಮರೆಯಲ್ಲಿ ತಡಕಾಡಿತು, ಮಂಚದ ಕಂಬಿ ಸಿಕ್ಕಿತು, ಗಟ್ಟಿಯಾಗಿ ಹಿಡಿಯಿತು.

ಆ ಕೈ. ಅಯ್ಯೋ ಹುಚ್ಚಿ, ಹಿಡ್ಕೋಬೇಡ ಅಂದ್ರಲ್ಲೇ, ಬಾಯಿಗೆ ಬಂದ ಮಾತನ್ನು ನುಂಗಿಕೊಂಡೆ, ಕಂಬಿಯ ಮೇಲೆ ಗೆಣ್ಣುಗಳು ಎದ್ದು ನಿಂತಿವೆ, ತೋಳು ನಡುಗುತ್ತಿದೆ, ಇಡೀ ಮೈಭಾರ ಆ ಕೈಯ ಮೇಲೆ, ಡಾಕ್ಟರಮ್ಮನ ಕಣ್ಣು ಎದೆಬಡಿತದ ಮಶೀನಿನ ಪರದೆಯ ಮೇಲೆ, ಚೆನ್ನಾಗಿ ನಿಂತಿದೀಯ, ಸ್ವಲ್ಪ ಏರಿದೆ ಅಷ್ಟೇ, ಪರವಾಗಿಲ್ಲ, ಅನ್ನುತ್ತಿದ್ದಾಳೆ. ಹೇಳಿಬಿಡಲಾ, ಡಾಕ್ಟ್ರೇ ಅವಳು ಹಿಡ್ಕೊಂಡಿದಾಳೆ, ಒಂದೇ ಮಾತು — ಮಾತಾಡಲ್ಲ ಅಂದಿದ್ದೇನೆ, ಅದಲ್ಲ, ಅದು ನೆಪ, ಹೇಳಿದರೆ ಏನಾಗುತ್ತದೆ, ಹೋದ ಸಲ ಮೆಟ್ಟಿಲಿನದು ಹೇಳಿದಾಗ ತಾಯಂದಿರಿಗೆ ಗಾಬರಿ ಸಹಜ ಅಂದಳು, ಈಗಲೂ ನಗುತ್ತಾಳೆ, ಮಕ್ಕಳು ಏನಾದರೂ ಹಿಡಿದುಕೊಳ್ಳುತ್ತವೆ ಅನ್ನುತ್ತಾಳೆ, ನಮ್ಮ ಮಾತಿಗೆ ಇಲ್ಲಿ ತೂಕ ಎಲ್ಲಿದೆ, ಇಲ್ಲಿಗೇ ಮುಗಿಸೋಣ ಅನ್ನುತ್ತಾಳೆ, ಅಲ್ಲಿಗೆ ಮತ್ತೆ ಮೆಟ್ಟಿಲು, ಮತ್ತೆ ಟಾಯ್ಲೆಟ್ಟಿನ ನೆಲ, ಮುಂದಿನ ಸಲ ಕಿವಿಯ ಹಿಂದೆ ಬೋರೆಯಲ್ಲ, ಇನ್ನೇನೋ. ಯಾವಾಗ ಎದ್ದೆ ಗೊತ್ತಿಲ್ಲ. ಮಲಗಿದ್ದಕ್ಕೆ ಫ್ರಾಕಿನ ಹಿಂದೆ ಸುಕ್ಕಾಗಿತ್ತಲ್ಲ, ಅದನ್ನು ಸರಿಮಾಡುವವಳ ಹಾಗೆ ಬಗ್ಗಿದೆ. ಆ ಕೈಯ ಮೇಲೆ ನನ್ನ ಕೈ ಇಟ್ಟೆ, ತಣ್ಣಗೆ ಬೆವರಿತ್ತು, ಕಿರುಬೆರಳು ಬಿಡಿಸಿದೆ, ಅದರ ಪಕ್ಕದ್ದು ಬಿಡಿಸಿದೆ, ಈಗ ತಿರುಗಿ ನೋಡುತ್ತಾಳೆ, ಅಮ್ಮಾ ಬೇಡ ಅನ್ನುತ್ತಾಳೆ ಅಂದುಕೊಂಡೆ — ಇಲ್ಲ, ಅವಳು ಬೇರೆಯೇ ತಿಳಿದುಕೊಂಡಳು, ಅಮ್ಮ ಆಸರೆಗೆ ಬಂದಿದ್ದಾಳೆ ಅಂದುಕೊಂಡಳು, ಕಂಬಿಯನ್ನು ತಾನಾಗಿ ಬಿಟ್ಟಳು, ನನ್ನ ಕೈ ಹಿಡಿದುಕೊಂಡಳು, ರಸ್ತೆ ದಾಟುವಾಗ ಹಿಡಿಯುವ ಹಾಗೆ, ಪೂರ್ತಿ ನಂಬಿಕೊಂಡು. ವೆರಿ ಗುಡ್ ಪುಟ್ಟ, ಇನ್ನು ಸ್ವಲ್ಪವೇ, ಅಂದಳು ಡಾಕ್ಟರಮ್ಮ.

ನಾನು ಕೈ ಎಳೆದುಕೊಂಡೆ. ಎಳೆದುಕೊಂಡೆ, ನಾನೇ, ಈ ಕೈಯೇ. ಒಂದು ಕ್ಷಣ ಅವಳು ನಿಂತೇ ಇದ್ದಳು, ಆ ಕೈ ಹಿಂದೆ ಚಾಚಿಕೊಂಡೇ ಇತ್ತು, ಐದೂ ಬೆರಳು ಬಿಚ್ಚಿ, ಒಮ್ಮೆ ಆ ಕಡೆ, ಒಮ್ಮೆ ಈ ಕಡೆ, ಗಾಳಿಯಲ್ಲಿ ನನ್ನನ್ನು ಹುಡುಕಿತು, ಆಮೇಲೆ ಮೊಣಕಾಲು ಮಡಚಿತು, ಮಶೀನು ಕಿರುಚಿತು, ಡಾಕ್ಟರಮ್ಮನ ಕುರ್ಚಿ ಹಿಂದಕ್ಕೆ ಉರುಳಿತು, ಓಡಿ ಬಂದು ಹೆಗಲು ಹಿಡಿದಳು, ತಲೆ ನೆಲಕ್ಕೆ ತಾಗಲಿಲ್ಲ, ದೇವರು ದೊಡ್ಡವನು, ತಾಗಲಿಲ್ಲ. ಮಂಚದ ಮೇಲೆ ಎತ್ತಿ ಮಲಗಿಸಿದರು, ಕಾಲು ಎತ್ತರಿಸಿದರು, ಇಷ್ಟೊಂದು ಏರುತ್ತಾ, ಇಷ್ಟೊಂದಾ, ಮೊದಲೇ ಯಾಕಮ್ಮ ಹೇಳ್ಲಿಲ್ಲ, ಅನ್ನುತ್ತಾಳೆ ಡಾಕ್ಟರಮ್ಮ, ಹೇಳಲಿಲ್ಲವಂತೆ ನಾನು, ತುಟಿ ನೋಡುತ್ತಾಳೆ, ರೆಪ್ಪೆ ಎಳೆದು ನೋಡುತ್ತಾಳೆ, ಅಂಗೈ ತಿರುಗಿಸಿ ನೋಡುತ್ತಾಳೆ, ಫೋನು ಎತ್ತಿ ದೊಡ್ಡ ಕ್ಲಿನಿಕ್ಕಿಗೆ ಮಾತಾಡುತ್ತಾಳೆ, ಲಾಂಗ್ ಕೋವಿಡ್ ಇರಬೇಕು, ಹೌದು, ಈ ವಾರವೇ ನೋಡಿ, ಅನ್ನುತ್ತಾಳೆ, ಆ ಹೆಸರನ್ನು ಬಾಯಿಬಿಟ್ಟು ಹೇಳಿದಳು, ನರ್ಸು ಓಡಿ ಬಂದು ಕಂದ ಅಂದಳು, ನನ್ನ ಮಗಳಿಗೆ ಕಂದ ಅಂದಳು, ಎಲ್ಲಾ ಸಿಕ್ಕಿತು, ನಾನು ಬೇಡಿದ್ದೆಲ್ಲ, ಸಂತೋಷ ಪಡಬೇಕು, ಪಡುತ್ತೇನೆ, ಇರಿ. ಪಟಾಕಿ ಕಣ್ಣು ಬಿಟ್ಟಳು. ನನ್ನನ್ನು ಹುಡುಕಿ ನೋಡಿದಳು, ಪಿಸುಗುಟ್ಟಿದಳು, ಅಮ್ಮಾ, ಸಾರಿ, ನಿನ್ನ ಕೈ ಹಿಡ್ಕೊಂಡಿದ್ದೆ, ನನ್ನಿಂದಾನೇ ಜಾರಿಹೋಯ್ತು. ಇಲ್ಲ ಕಣೇ ಅನ್ನಬೇಕು, ಹೇಳಬೇಕು, ಡಾಕ್ಟರಮ್ಮ ಏನೋ ಕೇಳುತ್ತಿದ್ದಾಳೆ, ಎಷ್ಟು ದಿನದಿಂದ, ಏನೇನು ಔಷಧಿ, ಕೇಳಿಸುತ್ತಿದೆ, ತಿಳಿಯುತ್ತಿಲ್ಲ, ಆ ಕೈ, ಹಿಂದೆ ಚಾಚಿದ ಕೈ, ಎಷ್ಟು ದಿನದಿಂದಮ್ಮ, ಬೆರಳು ಬಿಚ್ಚಿಕೊಂಡು, ಒಮ್ಮೆ ಆ ಕಡೆ, ಒಮ್ಮೆ ಈ ಕಡೆ, ಹೇಳೀಮ್ಮ, ಆ ಕೈ —